ಗೊತ್ತಿರುವ ಪದವೇ ಕೇಳಿಸದಿದ್ದಾಗ: ಐಇಎಲ್‌ಟಿಎಸ್ ಲಿಸನಿಂಗ್ ಪರೀಕ್ಷೆಗೆ ಒಬ್ಬ ನರ್ಸ್ ನಡೆಸಿದ ತಯಾರಿ

ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದ 26 ವರ್ಷದ ಯುವತಿಯೊಬ್ಬರು 2024ರ ಜೂನ್ ತಿಂಗಳಲ್ಲಿ ತಮ್ಮ ಅಂಕಪಟ್ಟಿಯನ್ನು ಹಿಡಿದುಕೊಂಡು ನನ್ನ ಮನೆಗೆ ಬಂದರು. ಪಿಯುಸಿಯಲ್ಲಿ ಅವರಿಗೆ ಇಂಗ್ಲಿಷ್ ಕಲಿಸಿದವಳು ನಾನು. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಬೇಕಾದರೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಒಪ್ಪುವ ಇಂಗ್ಲಿಷ್ ಪರೀಕ್ಷೆಯೊಂದನ್ನು ಪಾಸು ಮಾಡಬೇಕು. ನಮ್ಮ ಹುಡುಗಿಯರು ಬಾಯಿಮಾತಿನಲ್ಲಿ 'ಐಲ್ಟ್ಸ್' ಎನ್ನುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯನ್ನು ಬರೆಯುವುದಾದರೆ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಬ್ಯಾಂಡ್ (ಈ ಪರೀಕ್ಷೆಯ ಅಂಕದ ಮಟ್ಟ), ರೈಟಿಂಗ್‌ನಲ್ಲಿ 6.5 ಬ್ಯಾಂಡ್ ಬೇಕು. ಅವರಿಗೆ ರೀಡಿಂಗ್‌ನಲ್ಲಿ 7, ಸ್ಪೀಕಿಂಗ್‌ನಲ್ಲಿ 7, ರೈಟಿಂಗ್‌ನಲ್ಲಿ 6.5 ಬಂದಿತ್ತು. ಲಿಸನಿಂಗ್‌ನಲ್ಲಿ ಮಾತ್ರ 6.

"ಮೇಡಂ, ನಾನು ದಿನಾ ಚಾರ್ಟ್ ಬರೆಯೋದು ಇಂಗ್ಲಿಷಲ್ಲೇ. ಡಾಕ್ಟರು ಹೇಳೋದೆಲ್ಲ ಅರ್ಥ ಆಗತ್ತೆ. ಆ ಹೆಡ್‌ಫೋನ್ ಹಾಕಿಕೊಂಡ್ರೆ ಮಾತ್ರ ನಂಗೆ ಏನೂ ಬರಲ್ಲ ಅನ್ಸತ್ತೆ" ಎಂದು ಅವರು ಹೇಳಿದ ಮಾತನ್ನು ಅಂದು ರಾತ್ರಿಯೇ ಬರೆದಿಟ್ಟುಕೊಂಡೆ. ಮುಂದಿನ ಹದಿನಾಲ್ಕು ವಾರಗಳ ಕೆಲಸವೆಲ್ಲ ಈ ಮಾತಿನ ಒಳಗಿದ್ದ ಪ್ರಶ್ನೆಯನ್ನು ಬಿಡಿಸುವುದಾಗಿತ್ತು. ಅವರ ಒಪ್ಪಿಗೆ ಪಡೆದು, ಹೆಸರನ್ನು ಬಿಟ್ಟು, ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಪರೀಕ್ಷೆಯ ಸ್ವರೂಪ

ಲಿಸನಿಂಗ್ ವಿಭಾಗಕ್ಕೆ ಸುಮಾರು 30 ನಿಮಿಷ. ನಾಲ್ಕು ಭಾಗಗಳು, ಭಾಗಕ್ಕೆ ಹತ್ತರಂತೆ 40 ಪ್ರಶ್ನೆಗಳು. ಮೊದಲ ಭಾಗದಲ್ಲಿ ದಿನಬಳಕೆಯ ವಿಷಯ ಕುರಿತು ಇಬ್ಬರ ಮಾತುಕತೆ, ಎರಡನೆಯದರಲ್ಲಿ ಅಂಥದೇ ವಿಷಯ ಕುರಿತು ಒಬ್ಬರ ವಿವರಣೆ, ಮೂರನೆಯದರಲ್ಲಿ ಓದಿಗೆ ಸಂಬಂಧಿಸಿ ಇಬ್ಬರು ಅಥವಾ ಹೆಚ್ಚು ಮಂದಿ ಆಡುವ ಚರ್ಚೆ, ನಾಲ್ಕನೆಯದರಲ್ಲಿ ಒಂದು ಉಪನ್ಯಾಸ ಇರುತ್ತದೆ. ಧ್ವನಿಯನ್ನು ಒಂದೇ ಸಲ ಕೇಳಿಸುತ್ತಾರೆ. ಸುಮಾರು 23 ಉತ್ತರ ಸರಿಯಾದರೆ 6 ಬ್ಯಾಂಡ್, 30 ಸರಿಯಾದರೆ 7 ಬ್ಯಾಂಡ್. ಅಂದರೆ ಈ ಅಭ್ಯರ್ಥಿಗೆ ಬೇಕಾಗಿದ್ದದ್ದು ಏಳೆಂಟು ಉತ್ತರಗಳು. ಕೇಳಲು ಇದು ಅಲ್ಪವೆನಿಸಬಹುದು. ಆದರೆ ಮೂರು ತಿಂಗಳು ಒಂದು ತರಬೇತಿ ಕೇಂದ್ರಕ್ಕೆ ಹೋಗಿ ದಿನಕ್ಕೊಂದು ಅಭ್ಯಾಸ ಪರೀಕ್ಷೆ ಬರೆದರೂ ಅವರ ಅಂಕ 22ರಿಂದ 25ರ ನಡುವೆಯೇ ನಿಂತಿತ್ತು. ಉತ್ತರ ತಪ್ಪಾದಾಗ ಸರಿಯುತ್ತರವನ್ನು ಹೇಳುತ್ತಿದ್ದರೇ ಹೊರತು ಏಕೆ ತಪ್ಪಾಯಿತೆಂದು ಅಲ್ಲಿ ಯಾರೂ ಕೇಳಿರಲಿಲ್ಲ. ಅದರ ಬದಲಿಗೆ ಪದಸಂಪತ್ತು ಸಾಲದೆಂದು ಹೇಳಿ ಉದ್ದುದ್ದದ ಪದಪಟ್ಟಿಗಳನ್ನು ಬಾಯಿಪಾಠ ಮಾಡಿಸಿದ್ದರು.

ತಪ್ಪುಗಳ ಲೆಕ್ಕ

ಮೊದಲ ವಾರ ನಾನು ಏನನ್ನೂ ಕಲಿಸಲಿಲ್ಲ. ಕೇಂಬ್ರಿಜ್‌ನವರು ಪ್ರಕಟಿಸುವ ಅಭ್ಯಾಸ ಪತ್ರಿಕೆಗಳಲ್ಲಿ ನಾಲ್ಕನ್ನು ಅವರಿಂದ ಬರೆಯಿಸಿದೆ. ಒಟ್ಟು 160 ಪ್ರಶ್ನೆಗಳಲ್ಲಿ 94 ಸರಿ, 66 ತಪ್ಪು. ಆ ಅರವತ್ತಾರು ತಪ್ಪುಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡು, ಧ್ವನಿಯನ್ನು ಮತ್ತೆ ಕೇಳಿಸಿ, ಪುಸ್ತಕದ ಕೊನೆಯಲ್ಲಿರುವ ಮಾತಿನ ಪಠ್ಯದೊಂದಿಗೆ ಹೋಲಿಸಿ, ಪ್ರತಿಯೊಂದಕ್ಕೂ ಕಾರಣವನ್ನು ಅವರ ಬಾಯಿಂದಲೇ ಹೇಳಿಸಿದೆ. ಮೂರು ಸಂಜೆಗಳ ಕೆಲಸ ಇದು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಮೂರು ಸಂಜೆಗಳು ಬೇರೆ ಇರಲಿಲ್ಲ.

19 ತಪ್ಪುಗಳು ಜಾಗ ತಪ್ಪಿದ್ದರಿಂದ ಆದವು. ಒಂದು ಉತ್ತರ ಕೈತಪ್ಪಿದಾಗ ಅದನ್ನೇ ಯೋಚಿಸುತ್ತ ಕುಳಿತು ಮುಂದಿನ ಎರಡನ್ನೂ ಕಳೆದುಕೊಂಡಿದ್ದರು. 17 ಕಡೆ ಉತ್ತರದ ಪದ ಅವರಿಗೆ ಚೆನ್ನಾಗಿ ಗೊತ್ತಿದ್ದರೂ ಮಾತಿನ ಹರಿವಿನಲ್ಲಿ ಅದು ಕೇಳಿಸಿರಲಿಲ್ಲ. 11 ಕಡೆ ಮಾತನಾಡುವವರು ಮೊದಲು ಒಂದು ಹೇಳಿ ಆಮೇಲೆ ತಿದ್ದಿಕೊಂಡಿದ್ದರು, ಇವರು ಮೊದಲಿನದನ್ನೇ ಬರೆದಿದ್ದರು. 9 ಕಡೆ ಕಾಗುಣಿತ ಅಥವಾ ಬಹುವಚನ, 6 ಕಡೆ ಸಂಖ್ಯೆ ಮತ್ತು ಬಿಡಿ ಅಕ್ಷರಗಳು. ನಿಜವಾಗಿಯೂ ಅವರಿಗೆ ಗೊತ್ತಿಲ್ಲದ ಪದದಿಂದ ಆದ ತಪ್ಪುಗಳು ನಾಲ್ಕೇ ನಾಲ್ಕು.

ಈ ನಾಲ್ಕು ಎಂಬ ಸಂಖ್ಯೆಯನ್ನು ನೋಡಿ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮೂರು ತಿಂಗಳ ಬಾಯಿಪಾಠವೆಲ್ಲ ಆ ನಾಲ್ಕು ತಪ್ಪುಗಳ ಸಲುವಾಗಿ ನಡೆದಿತ್ತು.

ಕಣ್ಣಿನಿಂದ ಕಲಿತ ಭಾಷೆ

ಅರಸೀಕೆರೆ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಅವರಿಗೆ ಇಂಗ್ಲಿಷ್ ಅಕ್ಷರಗಳ ಪರಿಚಯವಾದದ್ದು ಐದನೆಯ ತರಗತಿಯಲ್ಲಿ. ಆಮೇಲೆ ಪಿಯುಸಿ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಇಷ್ಟೂ ವರ್ಷ ಇಂಗ್ಲಿಷ್ ಅವರಿಗೆ ಓದುವ, ಬರೆಯುವ ಭಾಷೆಯಾಗಿತ್ತು. ಕಿವಿಗೆ ಬಿದ್ದದ್ದೆಲ್ಲ ನನ್ನಂಥ ಕನ್ನಡದ ಅಧ್ಯಾಪಕರ ಮತ್ತು ವೈದ್ಯರ ಇಂಗ್ಲಿಷ್. ನಾವು ಕನ್ನಡದ ಲಯದಲ್ಲೇ ಇಂಗ್ಲಿಷ್ ಆಡುತ್ತೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬಂತೆ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಕಾಲವನ್ನು ಕೊಟ್ಟು, ಒಂದನ್ನೂ ನುಂಗದೆ ಉಚ್ಚರಿಸುತ್ತೇವೆ. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರು ಹಾಗೆ ಮಾಡುವುದಿಲ್ಲ. ಅರ್ಥದ ಭಾರ ಹೊತ್ತ ಪದಗಳನ್ನು ಒತ್ತಿ ಹೇಳಿ, ನಡುವಣ ಸಣ್ಣ ಪದಗಳನ್ನು ಹಿಂಡಿ ಒಂದಕ್ಕೊಂದು ಅಂಟಿಸಿಬಿಡುತ್ತಾರೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಅಭ್ಯಾಸಕ್ಕೆಂದು ಆರಿಸಿಕೊಂಡ ಒಂದು ಧ್ವನಿಯಲ್ಲಿ, ಗಾಡಿಯನ್ನು ಕಟ್ಟಡದ ಹಿಂಬದಿಯಲ್ಲೇ ನಿಲ್ಲಿಸಬಹುದಾಗಿತ್ತು ಎಂಬರ್ಥದ ವಾಕ್ಯವೊಂದು ಬರುತ್ತಿತ್ತು: 'ಯೂ ಕುಡ್ ಹ್ಯಾವ್ ಪಾರ್ಕ್ಡ್ ಅಟ್ ದ ಬ್ಯಾಕ್ ಆಫ್ ಇಟ್'. ಒಂಬತ್ತು ಪದಗಳು, ಐದನೆಯ ತರಗತಿಯ ಮಗುವಿಗೂ ಪರಿಚಿತವಾದವು. ಅವರು ಐದು ಸಲ ಕೇಳಿ ಬರೆದದ್ದು 'ಗುಡ್ ಅಪಾರ್ಟ್', ಆಮೇಲೆ ಒಂದು ಗೆರೆ, ಆಮೇಲೆ 'ಬ್ಯಾಕ್'. ಪಠ್ಯವನ್ನು ತೋರಿಸಿದಾಗ ಅವರು ನಂಬಲಿಲ್ಲ. ಆಗ ನಾನು, ಕಾಗುಣಿತವನ್ನು ಮರೆತು ಕಿವಿಗೆ ಬಿದ್ದದ್ದನ್ನು ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆಯಲು ಹೇಳಿದೆ. ಅವರು ಬರೆದರು: 'ಯಕುಡಪಾಕ್ಟಟ್ದಬ್ಯಾಕವಿಟ್'. ಆ ಸಾಲು ಧ್ವನಿಗೆ ಬಹುಮಟ್ಟಿಗೆ ನಿಷ್ಠವಾಗಿತ್ತು. ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲವೆಂಬುದು ಅಲ್ಲಿಗೆ ಖಚಿತವಾಯಿತು. ಕಿವಿ ಕೇಳಿದ್ದಕ್ಕೂ ಕಣ್ಣು ಬಲ್ಲ ಪದಕ್ಕೂ ನಡುವೆ ದಾರಿ ಇರಲಿಲ್ಲ, ಅಷ್ಟೆ.

ಇದನ್ನು ಅವರಿಗೆ ಮನವರಿಕೆ ಮಾಡಿಕೊಟ್ಟದ್ದು ಕನ್ನಡವೇ. "ಯಾರಾದರೂ ಪುಸ್ತಕ ನೋಡಿ ಕನ್ನಡ ಕಲಿತು ಹಾಸನದ ಬಸ್ ಸ್ಟ್ಯಾಂಡಿಗೆ ಬಂದು ಇಳಿದರು ಅಂತಿಟ್ಟುಕೋ. ಅವರು ಓದಿರೋದು 'ಏನು ಮಾಡುತ್ತಾ ಇದ್ದೀಯ' ಅಂತ. ನೀನು ಅವರಿಗೆ ಹೇಗೆ ಕೇಳ್ತೀಯಮ್ಮ?" ಎಂದೆ. "ಏನ್ಮಾಡ್ತಿದೀಯ" ಎಂದವರು ತಕ್ಷಣ ಸುಮ್ಮನಾದರು. 'ಹೋಗಬೇಕು ಎಂದು ಇದ್ದೇನೆ' ಎಂಬುದು 'ಹೋಗ್ಬೇಕಂತಿದೀನಿ' ಆಗುವುದನ್ನೂ, 'ಬಂದು ಬಿಟ್ಟಿದ್ದಾರೆ' ಎಂಬುದು 'ಬಂದ್ಬಿಟ್ಟಿದಾರೆ' ಆಗುವುದನ್ನೂ ಅವರೇ ಸೇರಿಸಿದರು. ಎಲ್ಲ ಭಾಷೆಯೂ ಬಾಯಲ್ಲಿ ಸವೆಯುತ್ತದೆ. ನಮ್ಮ ಭಾಷೆಯ ಸವೆತ ಹುಟ್ಟಿನಿಂದ ಕಿವಿಯಲ್ಲಿರುವುದರಿಂದ ನಮಗೆ ಅದು ಗೊತ್ತೇ ಆಗುವುದಿಲ್ಲ. ಇಂಗ್ಲಿಷಿನ ಸವೆತವನ್ನು ಮಾತ್ರ ನಾವು ಬೇರೆಯಾಗಿ, ಬೆವರು ಸುರಿಸಿ ಕಲಿಯಬೇಕು.

ದಿನಕ್ಕೊಂದು ನಿಮಿಷದ ಧ್ವನಿ

ಎರಡನೆಯ ವಾರದಿಂದ ಆರನೆಯ ವಾರದವರೆಗೆ ಅಭ್ಯಾಸ ಪರೀಕ್ಷೆಗಳನ್ನು ಪೂರ್ತಿ ನಿಲ್ಲಿಸಿದೆವು. ಅವರಿಗೆ ಇದು ಭಯದ ವಿಷಯವಾಗಿತ್ತು, ಏಕೆಂದರೆ ಪರೀಕ್ಷೆ ಬರೆಯುವುದೇ ತಯಾರಿ ಎಂಬ ನಂಬಿಕೆ ಗಟ್ಟಿಯಾಗಿ ಕೂತಿತ್ತು. ಅದರ ಬದಲಿಗೆ ದಿನಕ್ಕೆ ಒಂದೇ ನಿಮಿಷದ ಧ್ವನಿಯನ್ನು ಆರಿಸಿಕೊಂಡೆವು. ಮೊದಲು ಪೆನ್ನು ಹಿಡಿಯದೆ ಒಮ್ಮೆ ಕೇಳಿ, ಏನು ನಡೆಯಿತೆಂದು ಕನ್ನಡದಲ್ಲಿ ಎರಡು ಮಾತು ಹೇಳಬೇಕು. ಬಳಿಕ ವಾಕ್ಯ ವಾಕ್ಯವಾಗಿ ನಿಲ್ಲಿಸಿ ಉಕ್ತಲೇಖನ ಬರೆಯಬೇಕು, ಒಂದು ವಾಕ್ಯವನ್ನು ಐದಕ್ಕಿಂತ ಹೆಚ್ಚು ಸಲ ಕೇಳಬಾರದು. ಆಮೇಲೆ ಪಠ್ಯದೊಂದಿಗೆ ಹೋಲಿಸಿ, ಗೊತ್ತಿದ್ದೂ ಕೇಳಿಸದ ಪದಗಳಿಗೆ ಮಾತ್ರ ಅಡಿಗೆರೆ ಎಳೆದು, ಅವು ನಿಜವಾಗಿ ಹೇಗೆ ಕೇಳಿಸಿದವೆಂಬುದನ್ನು ಎದುರಿಗೆ ಕನ್ನಡ ಲಿಪಿಯಲ್ಲಿ ಬರೆಯಬೇಕು. ಕೊನೆಗೆ ಧ್ವನಿಯ ಜೊತೆಜೊತೆಗೇ, ಅದೇ ವೇಗದಲ್ಲಿ, ಅದೇ ನುಂಗಾಟದೊಂದಿಗೆ ಬಾಯಿಬಿಟ್ಟು ಓದಬೇಕು.

ಮೊದಲ ದಿನ ಆ ಒಂದು ನಿಮಿಷಕ್ಕೆ ಐವತ್ತು ನಿಮಿಷ ಹಿಡಿಯಿತು. ಐದನೆಯ ವಾರಕ್ಕೆ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ರಾತ್ರಿ ಪಾಳಿ ಇದ್ದ ದಿನಗಳಲ್ಲಿ ಹೊಸದನ್ನು ಎತ್ತಿಕೊಳ್ಳದೆ, ಹಿಂದಿನ ದಿನದ್ದನ್ನು ಮತ್ತೆ ಓದುವುದಷ್ಟೇ. ಬಸ್ಸಿನಲ್ಲಿ ಹೊಸ ಧ್ವನಿ ಕೇಳುವುದು ಬೇಡವೆಂದಿದ್ದೆ. ಇಂಜಿನ್ ಸದ್ದಿನಲ್ಲಿ ಅರ್ಧ ಕೇಳಿ ಅರ್ಧ ಊಹಿಸುವ ಚಾಳಿ ಬೆಳೆದರೆ ಅದನ್ನು ಬಿಡಿಸುವುದು ಕಷ್ಟ. ಆದರೆ ಆಗಲೇ ಬಿಡಿಸಿ ಅರ್ಥಮಾಡಿಕೊಂಡ ಧ್ವನಿಗಳನ್ನು ಬಸ್ಸಿನಲ್ಲಿ ಕೇಳುವುದರಿಂದ ಲಾಭವಿತ್ತು.

ಕನ್ನಡ ಲಿಪಿಯ ಈ ಉಪಯೋಗದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಅಕ್ಷರ ಕಂಡರೆ ಗದರುವ ಅಧ್ಯಾಪಕರಲ್ಲಿ ನಾನೂ ಒಬ್ಬಳಾಗಿದ್ದೆ. ಈ ಪ್ರಕರಣದ ನಂತರ ಆ ಅಭ್ಯಾಸವನ್ನು ಬಿಟ್ಟಿದ್ದೇನೆ. 'ಥರ್ಟೀನ್', 'ಥರ್ಟಿ' ಇವೆರಡರ ಗೊಂದಲವನ್ನೇ ತೆಗೆದುಕೊಳ್ಳಿ. ನಾವು ಕೊನೆಯ 'ನ್' ಅಕ್ಷರಕ್ಕಾಗಿ ಕಾಯುತ್ತೇವೆ, ಆದರೆ ವೇಗದ ಮಾತಿನಲ್ಲಿ ಅದು ಮುಂದಿನ ಪದದೊಳಗೆ ಕರಗಿಹೋಗುತ್ತದೆ. ಅವರ ನೋಟ್‌ಬುಕ್ಕಿನಲ್ಲಿ ಹದಿಮೂರಕ್ಕೆ 'ಥರ್ಠೀನ್' ಎಂದೂ, ಅಮೆರಿಕದ ಧ್ವನಿಯಲ್ಲಿ ಬಂದ ಮೂವತ್ತಕ್ಕೆ 'ಥರ್ಡಿ' ಎಂದೂ ಬರೆದಿದ್ದರು. ಒಂದರಲ್ಲಿ ಉಸಿರು ಸೇರಿದ ಮಹಾಪ್ರಾಣ, ಇನ್ನೊಂದರಲ್ಲಿ ಮೆತ್ತಗಾದ 'ಡ'. ಠಕಾರವನ್ನು ಬಾಲ್ಯದಲ್ಲೇ ತಿದ್ದಿದ ಕಿವಿಗೆ ಈ ವ್ಯತ್ಯಾಸ ಹಿಡಿಯುವುದು ಸುಲಭ, ಆದರೆ ಹಿಡಿಯಬೇಕಾದದ್ದು ಅದೇ ಎಂದು ಯಾರಾದರೂ ಹೇಳಬೇಕು. 'ಕ್ಯಾನ್', 'ಕಾಂಟ್' ವಿಷಯವೂ ಹೀಗೆಯೇ. 'ಕನ್' ಎಂದು ಚಿಕ್ಕದಾಗಿ ನುಂಗಿಹೋದರೆ ಸಾಧ್ಯವೆಂದು, ಪೂರ್ಣ ತೂಕದಿಂದ ಬಂದರೆ ಬಹುಪಾಲು ಸಾಧ್ಯವಿಲ್ಲವೆಂದು ಅರ್ಥ. ಕೊನೆಯ 'ಟ್' ಕೇಳಿಸುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ.

ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳುವಾಗ ಅವರು ಎಡವುತ್ತಿದ್ದದ್ದು ಒಂದೇ ಅಕ್ಷರದಲ್ಲಿ. ಇಂಗ್ಲೆಂಡಿನ ಹಲವರ ಬಾಯಲ್ಲಿ 'ಆರ್' ಬರೀ 'ಆ' ಆಗಿ ಬರುತ್ತದೆ. ಈ 'ಆ' ಯಾವ ಅಕ್ಷರವೆಂದು ಯೋಚಿಸುವಷ್ಟರಲ್ಲಿ ಮುಂದಿನೆರಡು ಅಕ್ಷರ ದಾಟಿಹೋಗಿರುತ್ತಿದ್ದವು. ಆಸ್ಟ್ರೇಲಿಯಾದ ಧ್ವನಿಗಳಲ್ಲಿ 'ಲೇಕ್' ಎಂಬುದು 'ಲೈಕ್' ಎಂಬುದರ ಹತ್ತಿರಕ್ಕೆ ಬರುತ್ತದೆ. ಇವೆಲ್ಲ ಒಂದೆರಡು ವಾರದಲ್ಲಿ ಸರಿಹೋದವು.

ಎಂಟನೆಯ ವಾರದ ಹಿನ್ನಡೆ

ಏಳನೆಯ ವಾರದಿಂದ ಮತ್ತೆ ಪರೀಕ್ಷೆ ಬರೆಯತೊಡಗಿದರು. ಮೊದಲನೆಯದರಲ್ಲಿ 26 ಬಂತು. ಎಂಟನೆಯ ವಾರ 21ಕ್ಕೆ ಕುಸಿಯಿತು, ನನ್ನ ಬಳಿಗೆ ಬಂದ ದಿನಕ್ಕಿಂತಲೂ ಕಡಿಮೆ. ಅವರು ಫೋನಿನಲ್ಲಿ ಅಳುತ್ತಿದ್ದರು. ನನಗೂ ಆತಂಕವಾಗಿತ್ತು, ಏಕೆಂದರೆ ಎರಡನೆಯ ಸಲದ ಶುಲ್ಕವನ್ನು ಅವರ ತಂದೆ ಸಾಲ ಮಾಡಿ ಕಟ್ಟಿದ್ದರು.

ತಪ್ಪುಗಳನ್ನು ಮತ್ತೆ ಹರಡಿಕೊಂಡು ನೋಡಿದಾಗ ತಿಳಿಯಿತು, ದೋಷ ನನ್ನ ಕ್ರಮದ್ದೇ. ಐದು ವಾರ ಒಂದೊಂದು ಸದ್ದಿಗೂ ಕಿವಿಗೊಟ್ಟು ಕುಳಿತದ್ದರಿಂದ ಅವರು ಈಗ ಪದಗಳನ್ನೆಲ್ಲ ಹಿಡಿಯುತ್ತಿದ್ದರು, ಆದರೆ ಮಾತು ಯಾವ ಕಡೆ ಹೊರಟಿದೆ ಎಂಬುದು ಕೈಬಿಟ್ಟುಹೋಗುತ್ತಿತ್ತು. ಉಕ್ತಲೇಖನದ ಆಸಕ್ತಿಯಲ್ಲಿ, ಮೊದಲು ಒಮ್ಮೆ ಕೇಳಿ ಕನ್ನಡದಲ್ಲಿ ಸಾರ ಹೇಳುವ ಹೆಜ್ಜೆಯನ್ನು ಇಬ್ಬರೂ ಸಡಿಲ ಬಿಟ್ಟಿದ್ದೆವು. ಒಂದು ವಾರ ಪೂರ್ತಿ ಅದನ್ನೇ ಮಾಡಿದೆವು. ನಾಲ್ಕೈದು ನಿಮಿಷದ ಉಪನ್ಯಾಸ ಕೇಳುವುದು, ಏನನ್ನೂ ಬರೆಯದಿರುವುದು, ಯಾವ ವಿಷಯದಿಂದ ಯಾವ ವಿಷಯಕ್ಕೆ ಮಾತು ತಿರುಗಿತೆಂದು ಹೇಳುವುದು.

ಖಾಲಿ ಬಿಡಲಾರದ ಕೈ

ಜಾಗ ತಪ್ಪುವ ತೊಂದರೆಯನ್ನು ನಾನು ಮೊದಲು ಏಕಾಗ್ರತೆಯ ಕೊರತೆ ಎಂದುಕೊಂಡಿದ್ದೆ. ಅದು ಹಾಗಿರಲಿಲ್ಲ. ವಾರ್ಡಿನಲ್ಲಿ ಔಷಧ ಕೊಟ್ಟ ಸಮಯದ ಜಾಗವನ್ನು ಖಾಲಿ ಬಿಡುವುದು ದೊಡ್ಡ ಲೋಪ. ಅಂಥ ಶಿಸ್ತಿನಲ್ಲಿ ನಾಲ್ಕು ವರ್ಷ ಪಳಗಿದ ಕೈಗೆ ಉತ್ತರಪತ್ರಿಕೆಯ ಒಂದು ಖಾಲಿ ಜಾಗವನ್ನು ದಾಟಿ ಮುಂದೆ ಹೋಗಲು ಆಗುತ್ತಿರಲಿಲ್ಲ. ಕೆಲಸದಲ್ಲಿ ಅವರ ಗುಣವಾಗಿದ್ದದ್ದೇ ಇಲ್ಲಿ ಅಂಕ ಕಳೆಯುತ್ತಿತ್ತು.

ಆದ್ದರಿಂದ ಬಿಡುವುದನ್ನೇ ಅಭ್ಯಾಸ ಮಾಡಿದೆವು. ಹತ್ತು ಪ್ರಶ್ನೆಗಳ ಒಂದು ಭಾಗದಲ್ಲಿ ನಾನು ಮೊದಲೇ ಗುರುತು ಹಾಕಿದ ಮೂರು ಪ್ರಶ್ನೆಗಳನ್ನು, ಉತ್ತರ ಕೇಳಿಸಿದರೂ ಬರೆಯದೆ ಮುಂದೆ ಹೋಗಬೇಕು. ಮೊದಲ ದಿನ ಅವರ ಬೆರಳು ತಾನಾಗಿಯೇ ಕೀಬೋರ್ಡಿನತ್ತ ಹೋಗುತ್ತಿತ್ತು. ಕಣ್ಣು ಯಾವಾಗಲೂ ಎರಡು ಪ್ರಶ್ನೆಗಳ ಮೇಲಿರಬೇಕು, ಎರಡನೆಯದರ ಸುಳಿವು ಕೇಳಿಸಿತೆಂದರೆ ಮೊದಲನೆಯದು ಮುಗಿಯಿತು ಎಂದು ನಿಯಮ ಮಾಡಿಕೊಂಡೆವು. ಕಂಪ್ಯೂಟರ್ ಪರೀಕ್ಷೆಯಲ್ಲಿ ಕೊನೆಗೆ ಪರಿಶೀಲನೆಗೆಂದು 2 ನಿಮಿಷ ಸಿಗುತ್ತದೆ, ಖಾಲಿ ಉಳಿದದ್ದಕ್ಕೆ ಆಗ ಊಹೆಯ ಉತ್ತರ ತುಂಬಬಹುದು, ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ಈ ವಿಷಯ ಗೊತ್ತಿದ್ದರೂ ಅದರ ಮೇಲೆ ನಂಬಿಕೆ ಹುಟ್ಟಲು ಎರಡು ವಾರ ಹಿಡಿಯಿತು.

ತಿದ್ದಿಕೊಳ್ಳುವ ಮಾತುಗಳ ಮದ್ದು ಸರಳವಾಗಿತ್ತು. ಮಂಗಳವಾರ ಎಂದವರು ಎದುರಿನವರ ಪ್ರತಿಕ್ರಿಯೆ ಬಂದ ಮೇಲೂ ಮಂಗಳವಾರದಲ್ಲೇ ಇದ್ದಾರೆಯೇ ಎಂದು ನೋಡಿ ಬರೆಯಬೇಕು. ಕಾಗುಣಿತಕ್ಕಾಗಿ, ಅವರು ತಪ್ಪು ಬರೆದ ಪದಗಳದೇ ಒಂದು ಪಟ್ಟಿ ಮಾಡಿ ಸ್ಟೀಲ್ ಬೀರುವಿನ ಬಾಗಿಲಿಗೆ ಅಂಟಿಸಿದರು. 'ಅಕಾಮಡೇಶನ್' ಪದದಲ್ಲಿ ಜೋಡಿಯಾಗಿ ಬರುವ 'ಸಿ', 'ಎಮ್' ಅಕ್ಷರಗಳು ಅದರಲ್ಲಿ ಮೊದಲನೆಯವು. ಬ್ರಿಟಿಷ್, ಅಮೆರಿಕನ್ ಎರಡೂ ಕಾಗುಣಿತಗಳು ಇಲ್ಲಿ ನಡೆಯುತ್ತವೆ. ಎರಡು ಪದ ಮೀರಬಾರದೆಂದು ಸೂಚನೆ ಇರುವಲ್ಲಿ ಮೂರು ಬರೆದರೆ ಮಾತ್ರ ಉತ್ತರ ಸರಿಯಿದ್ದರೂ ಅಂಕವಿಲ್ಲ.

ಫಲಿತಾಂಶ ಮತ್ತು ಉಳಿದದ್ದು

ಹನ್ನೊಂದನೆಯ ವಾರದಿಂದ ವಾರಕ್ಕೆ ಎರಡು ಪೂರ್ಣ ಪರೀಕ್ಷೆ, ಹೆಡ್‌ಫೋನ್ ಹಾಕಿಕೊಂಡು, ನಡುವೆ ನಿಲ್ಲಿಸದೆ. 27, 29, 28, 31, 30, 32 ಹೀಗೆ ಅಂಕಗಳು ಬಂದವು. ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಬರೆದ ಪರೀಕ್ಷೆಯಲ್ಲಿ ಲಿಸನಿಂಗ್‌ಗೆ 7 ಬ್ಯಾಂಡ್ ಬಂತು, ಉಳಿದ ಮೂರು ವಿಭಾಗಗಳಲ್ಲೂ ಬೇಕಾದಷ್ಟು ಬಂದಿತ್ತು.

ಎಲ್ಲವೂ ಗೆದ್ದಿತೆಂದು ನಾನು ಬರೆಯಲಾರೆ. ಮೂರನೆಯ ಭಾಗದಲ್ಲಿ, ಇಬ್ಬರು ವಿದ್ಯಾರ್ಥಿಗಳು ಒಬ್ಬರ ಮಾತನ್ನೊಬ್ಬರು ಅರ್ಧ ಒಪ್ಪಿ ಅರ್ಧ ಬಿಟ್ಟು ಮಾತನಾಡುವಾಗ, ಯಾರ ಅಭಿಪ್ರಾಯ ಯಾವುದೆಂದು ಬೇರ್ಪಡಿಸುವುದು ಕೊನೆಯವರೆಗೂ ಅವರಿಗೆ ಕಷ್ಟವಾಗಿಯೇ ಉಳಿಯಿತು. ಹತ್ತರಲ್ಲಿ ಆರು ದಾಟಿದ್ದು ಅಪರೂಪ. ಇನ್ನೊಂದು ತಪ್ಪು ನನ್ನದು. ದೈನಂದಿನ ಅಭ್ಯಾಸದ ಜೊತೆಗೆ ಮೊದಲ ಮೂರು ವಾರ ಸಬ್‌ಟೈಟಲ್ ಇಟ್ಟುಕೊಂಡು ಇಂಗ್ಲಿಷ್ ಕಾರ್ಯಕ್ರಮ ನೋಡಲು ಹೇಳಿದ್ದೆ. ಓದುವುದರಲ್ಲಿ ಗಟ್ಟಿಯಿದ್ದ ಅವರ ಕಣ್ಣು ಅಕ್ಷರಗಳನ್ನು ಕ್ಷಣದಲ್ಲಿ ನುಂಗಿಬಿಡುತ್ತಿತ್ತು, ಕಿವಿಗೆ ಕೆಲಸವೇ ಇರುತ್ತಿರಲಿಲ್ಲ. ಇಂಥ ಅಭ್ಯರ್ಥಿ ಮತ್ತೆ ಬಂದರೆ ಆ ಮೂರು ವಾರದ ಸಂಜೆಗಳನ್ನು ಮೂರನೆಯ ಭಾಗದ ಚರ್ಚೆಗಳಿಗೆ ಕೊಡುತ್ತೇನೆ.

ಅವರಿಗೆ ಕೆಲಸದ ಕರೆ ಬಂದಿರುವುದು ಸ್ಕಾಟ್ಲೆಂಡಿನ ಆಸ್ಪತ್ರೆಯಿಂದ. ಅಲ್ಲಿನವರು 'ಆರ್' ಅಕ್ಷರವನ್ನು ನಮ್ಮಂತೆಯೇ ನಾಲಿಗೆ ತಾಗಿಸಿ ಉಚ್ಚರಿಸುತ್ತಾರೆಂದು ತಿಳಿದು ಅವರಿಗೆ ಬಹಳ ಸಮಾಧಾನವಾಯಿತು. ಕಳೆದ ಸಲ ಬಂದಾಗ ಅದೇ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದಿದ್ದರು. ಸ್ಕಾಟ್ಲೆಂಡಿನ ವೃದ್ಧರೊಬ್ಬರು ಮಾತನಾಡುವ ಒಂದು ನಿಮಿಷದ ಧ್ವನಿ, ಅಡಿಗೆರೆ ಎಳೆದ 'ಔಟ್' ಎಂಬ ಪದ, ಅದರ ಎದುರಿಗೆ ಕನ್ನಡದಲ್ಲಿ 'ಊಟ್'. "ಇದನ್ನ ಇವತ್ತು ಒಂದೇ ಸಲಕ್ಕೆ ಹಿಡಿದೆ ಮೇಡಂ" ಎಂದು ಕೆಳಗಿನ ಸಾಲನ್ನು ತೋರಿಸಿದರು. ಅಲ್ಲಿ 'ಅಬೂಟ್' ಎಂದು ಬರೆದು ಪಕ್ಕದಲ್ಲಿ ಸರಿ ಗುರುತು ಹಾಕಿದ್ದರು.